ಭಾವಿಗೆ ಬಿದ್ದ ನಾಯಕರು

ಡಿಸೆಂಬರ್ ಬಂತು ಅಂದ್ರೆ ಬೆಳಗಾವಿಗೆ ಎರಡು ಬರುತ್ತವೆ. ಒಂದು ಚಳಿ, ಇನ್ನೊಂದು ಸರ್ಕಾರ. ಚಳಿ ಸಂಕ್ರಾಂತಿ ತನಕ ಇರುತ್ತದೆ, ಸರ್ಕಾರ ಹತ್ತು ದಿನಕ್ಕೇ ಗಂಟುಮೂಟೆ ಕಟ್ಟುತ್ತದೆ. ಇವೆರಡರ ಬೆನ್ನಿಗೇ ಫ್ಲೆಕ್ಸ್. ಚನ್ನಮ್ಮ ಸರ್ಕಲ್ಲಿನಿಂದ ಹಲಗಾದ ಸುವರ್ಣ ವಿಧಾನಸೌಧದ ಕಡೆ ಹೋಗ್ತಾ ನೋಡಿ, ಎಡಕ್ಕೂ ಬಲಕ್ಕೂ ಬರೀ ಮುಗಿದ ಕೈಗಳು. ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಕೈ ಮುಗಿಯೋದು ನೋಡಿದರೆ ಇವರಿಗೆಲ್ಲ ನಾವು ಯಾವಾಗಲೋ ಸಾಲ ಕೊಟ್ಟು ಮರೆತಿದ್ದೇವೇನೋ ಅನ್ನಿಸುತ್ತದೆ.

ಈ ಸಲ ನನ್ನ ಕಣ್ಣಿಗೆ ಬಿದ್ದದ್ದು, ಅಂದರೆ ಸಿಗ್ನಲ್ ದೀಪವೇ ಕಾಣದ ಹಾಗೆ ಅಡ್ಡ ನಿಂತದ್ದು, ಒಂದು ಹುಟ್ಟುಹಬ್ಬದ ಫ್ಲೆಕ್ಸು. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಬಡವರ ಬಂಧು, ಯುವಕರ ಕಣ್ಮಣಿ, ಕೊಡುಗೈ ದಾನಿ, ಭಾವಿ ಜಿಲ್ಲಾ ಪಂಚಾಯಿತಿ ಸದಸ್ಯರು.' ಸರಳತೆ ಒಂದೇ ಇಪ್ಪತ್ತು ಅಡಿ ಅಗಲ ಇತ್ತು. ದೀಪ ಕೆಂಪೋ ಹಸಿರೋ ತಿಳಿಯದೆ ಸ್ಕೂಟರ್ ನಿಲ್ಲಿಸಿದೆ. ಹಿಂದಿನ ಟೆಂಪೋದವನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಬೈದ. ಈ ಊರಲ್ಲಿ ಎರಡೂ ಭಾಷೆಗೆ ಇಷ್ಟು ಸಮಪಾಲು ಕೊಟ್ಟವರನ್ನು ನಾನು ಬೇರೆ ನೋಡಿಲ್ಲ.

ತಮಾಷೆ ಅಂದ್ರೆ ಅವತ್ತು ನಾನು ಹೊರಟಿದ್ದೂ ಫ್ಲೆಕ್ಸ್ ಅಂಗಡಿಗೇ. ನಮ್ಮ ಓಣಿಯ ಹಿರಿಯ ಮಾಸ್ತರರೊಬ್ಬರು ತೀರಿಕೊಂಡಿದ್ದರು. ಕಂಬಕ್ಕೆ ಕಟ್ಟೋಕೆ ಮೂರು ಬೈ ಎರಡರ ಒಂದು ಶ್ರದ್ಧಾಂಜಲಿ ಬೇಕಿತ್ತು. ಏನು ಬರೆಸಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕಂಪ್ಯೂಟರ್ ಮುಂದಿನ ಹುಡುಗ ಚೀಟಿ ಕೈಗೂ ತೊಗೊಳ್ಳಲಿಲ್ಲ.

"ಮ್ಯಾಟರ್ ನಮ್ಮ ಕಡೇನ ಐತ್ರಿ ಕಾಕಾ."

ಫೈಲಿನ ಹೆಸರು 'ಗುಣ'. ತೆರೆದರೆ ಅದರಲ್ಲಿ ಸರಳ ಸಜ್ಜನಿಕೆ, ಬಡವರ ಬಂಧು, ಅಜಾತಶತ್ರು, ಅಭಿವೃದ್ಧಿಯ ಹರಿಕಾರ, ನುಡಿದಂತೆ ನಡೆದವರು, ಹೀಗೆ ಸಾಲಾಗಿ ಕೂತಿವೆ. ಬೇಕಾದ್ದನ್ನು ಹಿಡಿದು ಎಳೆದು ಫೋಟೋ ಪಕ್ಕ ಬಿಡೋದು.

"ಬರ್ತ್‌ಡೇಕ್ಕೂ ಇದ, ಸತ್ತವರಿಗೂ ಇದ. ಫೋಟೋಕ್ಕ ಒಂದು ಮಾಲಿ ಹಾಕಿದ್ರ ಮುಗೀತ್ರಿ."

ನಾಯಕತ್ವದ ಬಗ್ಗೆ ದುಡ್ಡು ಕೊಟ್ಟು ಶಿಬಿರಕ್ಕೆ ಹೋಗುವವರು ಒಮ್ಮೆ ಈ ಹುಡುಗನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಬೇಕು. ನಾಯಕ ಅಂದರೆ ಮೊದಲು ಭಂಗಿ. ಕೈ ಮುಗಿದದ್ದು ಹಳೇದಾಯಿತಂತೆ. ಈಗ ಕಿವಿಗೆ ಮೊಬೈಲ್ ಹಿಡಿದದ್ದಕ್ಕೆ ಬೇಡಿಕೆ ಜಾಸ್ತಿ. ಆ ಕಡೆಯಿಂದ ಯಾರು ಮಾತಾಡುತ್ತಿದ್ದಾರೆ ಅಂತ ಕೇಳಿದೆ, ಹುಡುಗ ನಕ್ಕ. ಆಮೇಲೆ ತಲೆಗಳ ಲೆಕ್ಕ. ಮೇಲಿನ ಸಾಲಿನಲ್ಲಿ ದೊಡ್ಡವರ ತಲೆ, ಯಾರದು ಎಡಕ್ಕೆ, ಯಾರದು ಬಲಕ್ಕೆ, ಇಲ್ಲಿ ಒಂದು ತಲೆ ಆಚೀಚೆ ಆದರೆ ಟಿಕೆಟ್ ಹೋಗುತ್ತದೆ. ಕೆಳಗೆ ಶುಭ ಕೋರುವವರು, ಬಟಾಣಿ ಗಾತ್ರದ ನಲವತ್ತು ತಲೆ. ಅದರಲ್ಲೂ 'ನನ್ನ ತಲಿ ಸಣ್ಣದಾತು' ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಸಾಹೇಬರು ಪಕ್ಷ ಬದಲಿಸಿದರೆ ಕೆಲಸ ಬಹಳ ಇಲ್ಲ. ಮೇಲಿನ ಸಾಲು ಬದಲಿಸಿ, ಬಣ್ಣ ಬದಲಿಸಿದರೆ ಆಯಿತು. ಗುಣ ಹಾಗೇ ಇರುತ್ತದೆ.

ಗುಣ ಅಂದಾಗ ನೆನಪಾಯ್ತು. 2022ರಲ್ಲಿ ಸುವರ್ಣಸೌಧದ ಎದುರು ಶಾವಿಗೆ ಒಣಗಿದ ಫೋಟೋ ನಿಮಗೂ ಬಂದಿರಬೇಕು. ಅಲ್ಲಿ ಕೂಲಿಗಿದ್ದ ಹೆಂಗಸೊಬ್ಬಳು ಶಾವಿಗೆ ಹಪ್ಪಳ ಒಣಹಾಕಿದ್ದಳು. ಅಬ್ಬಾ, ಏನು ಗದ್ದಲ! ಸೌಧದ ಘನತೆ ಹೋಯಿತಂತೆ. ಆಕೆಯ ಕೂಲಿಗೇ ಕುತ್ತು ಬಂತು. ನಾನಂತೂ ಅಂದೇ ಅಂದುಕೊಂಡೆ, ಇದಕ್ಕೇ ನಾಯಕತ್ವ ಅನ್ನೋದು. ಜಾಗ ಖಾಲಿ ಇದೆ, ಕಲ್ಲು ಕಾದಿದೆ, ಬಿಸಿಲು ಚೆನ್ನಾಗಿದೆ. ಸಮಿತಿ ಮಾಡಲಿಲ್ಲ, ವರದಿ ಕೇಳಲಿಲ್ಲ, ಹರವಿಬಿಟ್ಟಳು. 2012ರಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟಿಸಿದ ಆ ಕಟ್ಟಡದಿಂದ ಉತ್ತರ ಕರ್ನಾಟಕದ ಒಂದು ಮನೆಗಾದರೂ ನೇರವಾಗಿ ಊಟ ಸಿಕ್ಕಿದ್ದು ಅವತ್ತೇ ಇರಬೇಕು.

ಇರಲಿ, ನಮ್ಮ 'ಭಾವಿ'ಗೆ ಬರೋಣ.

"ಈ ಸಾಹೇಬರು ಎಷ್ಟು ವರ್ಷದಿಂದ ಭಾವಿ ಅದಾರಪಾ?" ಅಂದೆ.

"ನಾ ಕೆಲಸಕ್ಕ ಸೇರಿದಾಗಿಂದ ನೋಡ್ರಿ. ಡೇಟ್ ಅಷ್ಟ ಬದಲ ಮಾಡತೇನಿ."

ಸುಳ್ಳಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ನಾವು ಕಡೆಯದಾಗಿ ಓಟು ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯೋದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಇದೆ. ಆದರೆ ಇಲ್ಲಿ ಮೊದಲು ಕ್ಷೇತ್ರ ಮರುವಿಂಗಡಣೆ ಅಂದರು, ಆಮೇಲೆ ಮೀಸಲಾತಿ ಪಟ್ಟಿ ಅಂದರು, ನಡುವೆ ಕೋರ್ಟು. ಸರ್ಕಾರಗಳು ಬದಲಾದವು, ಕಾರಣ ಬದಲಾಗಲಿಲ್ಲ. ಸದಸ್ಯರ ಕುರ್ಚಿಗಳ ಜಾಗದಲ್ಲಿ ಒಬ್ಬ ಆಡಳಿತಾಧಿಕಾರಿ. ಬಾವಿ ಆಗಿದ್ದರಾದರೂ ಒಂದು ಕೊಡ ನೀರು ಸಿಗ್ತಿತ್ತು, ಭಾವಿಯಿಂದ ಏನು ಸಿಗುತ್ತದೆ?

ನೀರು ಅಂದರೆ ಎಂಬತ್ತರ ದಶಕದ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡರು. ಆ ಬಿರುದು ಯಾವ ಫೈಲಿನಿಂದಲೂ ಎಳೆದದ್ದಲ್ಲ. ಅಧಿಕಾರ ಬೆಂಗಳೂರಲ್ಲೇ ಕೂರಬಾರದು ಅಂತ ಹಟ ಹಿಡಿದು ಕಾನೂನು ಮಾಡಿಸಿದವರೂ ಅವರೇ, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ಆದದ್ದು ಹಾಗೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಬಿ.ಡಿ. ಜತ್ತಿಯವರನ್ನೇ ನೋಡಿ. ಶುರು ಮಾಡಿದ್ದು ಜಮಖಂಡಿ ಪುರಸಭೆಯಲ್ಲಿ. 1958ರಲ್ಲಿ ಮುಖ್ಯಮಂತ್ರಿ, ಆಮೇಲೆ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಜಮಖಂಡಿಯಿಂದ ರಾಷ್ಟ್ರಪತಿ ಭವನಕ್ಕೆ ಹೋದ ದಾರಿಯ ಮೊದಲ ಮೆಟ್ಟಿಲು ಊರಿನ ಪುರಸಭೆ. ಈಗ ಆ ಥರದ ಮೆಟ್ಟಿಲನ್ನೇ ಕಿತ್ತು ಇಟ್ಟುಕೊಂಡು, 'ಯುವಕರು ರಾಜಕೀಯಕ್ಕೆ ಬರಬೇಕು' ಅಂತ ವೇದಿಕೆ ಮೇಲೆ ನಿಂತು ಭಾಷಣ ಮಾಡ್ತಾರೆ. ಯಾವ ಬಾಗಿಲಿಂದ ಬರಬೇಕು ಸ್ವಾಮಿ? ಅಪ್ಪ ಶಾಸಕನಾಗಿದ್ದರೆ ಮಾತ್ರ ಬರಬೇಕಾ? ಒಬ್ಬ ಶಾಸಕರಿಗೂ ಇದಕ್ಕಾಗಿ ನಿದ್ದೆ ಕೆಟ್ಟಿಲ್ಲ. ಯಾಕೆ ಕೆಡಬೇಕು? ಕೆಳಗಿನಿಂದ ಒಬ್ಬ ಮೇಲೆ ಬಂದರೆ ನಾಳೆ ಟಿಕೆಟ್‌ಗೆ ಅವನೇ ಅಡ್ಡ. ಇದನ್ನು ನಗುತ್ತಾ ಬರೆಯೋಕೆ ಹೊರಟಿದ್ದೆ, ಆಗ್ತಿಲ್ಲ. ಸಾಕಾಗಿದೆ.

ಮಾಸ್ತರರ ಕಥೆಗೆ ಬರ್ತೀನಿ. ಅವರು ಯಾವ ಸದಸ್ಯರೂ ಅಲ್ಲ. ಗಟಾರ ತುಂಬಲಿ, ಬೀದಿ ದೀಪ ಹೋಗಲಿ, ಗೆರೆ ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಅರ್ಜಿ ಬರೆಯೋರು. ಒಂದು ಆಫೀಸಿಗೆ, ಇನ್ನೊಂದರ ಮೇಲೆ ಸೀಲು ಹೊಡೆಸಿಕೊಂಡು ಮನೆಗೆ. ಆ ಸೀಲಿನ ಹಾಳೆಗಳು ಎರಡು ಟ್ರಂಕ್ ತುಂಬಿವೆ. ಅದಕ್ಕೇ ನನ್ನ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು, 'ಓಣಿಯ ಅರ್ಜಿ ಬರೆಯುತ್ತಿದ್ದವರು.'

ಹುಡುಗ ಫೈಲನ್ನು ಮೇಲಿಂದ ಕೆಳಗೆ ಸರಿಸಿ ನೋಡಿದ. "ಇಂಥಾದ್ದು ಇದರಾಗ ಇಲ್ರಿ ಕಾಕಾ. ಬಡವರ ಬಂಧು ಹಾಕ್ಲ್ಯಾ?"

ಬೇಡ ಅಂದೆ. ಅವನೇ ಅಕ್ಷರ ಹುಡುಕಿ ಹುಡುಕಿ ಒತ್ತಿದ, 'ಅರ್ಜಿ'ಗೆ ಎರಡು ಸಲ ತಪ್ಪಿದ. ದುಡ್ಡು ಕೊಡುತ್ತಾ ಸುಮ್ನೆ ಕೇಳಿದೆ, "ಆ ಸಾಹೇಬರದು ಮುಂದಿನ ವರ್ಷ ಭಾವಿ ತಗೀತೀಯೇನೋ?"

"ಯಾಕ್ರಿ ಕಾಕಾ?" ನಿಜಕ್ಕೂ ಗಾಬರಿಯಾದ. "ಎಲೆಕ್ಷನ್ ಏನರೆ ಬಂತೇನು?"