ಹೆಸರು ಅಳಿಸಿದ್ದೆ, ಗುರುತು ಉಳಿದಿತ್ತು

ಎರಡು ವರ್ಷದ ಹಿಂದೆ ಸಂಖ್ಯಾಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಪರದೆಯ ಮೇಲೆ ಎಕ್ಸೆಲ್ ಹಾಳೆ ತೆರೆದಿದ್ದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಕುಟುಂಬಗಳ ಸಮೀಕ್ಷೆ ಅದು. ನಮ್ಮ ವಿದ್ಯಾರ್ಥಿಗಳೇ ಮನೆಮನೆಗೆ ಹೋಗಿ ಬರೆದುಕೊಂಡು ಬಂದದ್ದು. ಹೆಸರು, ಮನೆ ಸಂಖ್ಯೆ, ಫೋನ್ ನಂಬರ್ ಮೂರನ್ನೂ ನಾನೇ ಅಳಿಸಿದ್ದೆ. ಒಂದು ಸಾಲಿನಲ್ಲಿ ಉಳಿದಿದ್ದದ್ದು ಇಷ್ಟು: ಐವತ್ತು ದಾಟಿದ ವಿಧವೆ, ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ, ಮೂರು ಕಡೆ ಸಂಘದ ಸಾಲ, ಕ್ಷಯಕ್ಕೆ ಚಿಕಿತ್ಸೆ. ಆ ಸಾಲನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ, "ಮೇಡಂ, ಇವರು ನಮ್ಮ ಓಣಿಯವರು" ಎಂದು ಹೆಸರನ್ನೂ ಹೇಳಿಬಿಟ್ಟ. ಕ್ಷಯದ ವಿಷಯ ಅಲ್ಲಿಯವರೆಗೆ ಅವನಿಗೆ ಗೊತ್ತಿರಲಿಲ್ಲ.

ಆ ಮನೆಗೆ ನಾನೂ ಹೋಗಿದ್ದೆ. ಉತ್ತರ ಹೇಳಿ ಮುಗಿಸಿ, ಬಾಗಿಲವರೆಗೆ ಬಂದು ಆ ತಾಯಿ ಕೇಳಿದ್ದರು: "ಇದೆಲ್ಲ ಯಾರ ಕಿವಿಗೂ ಬೀಳುವುದಿಲ್ಲ ಅಲ್ಲವೇ ತಾಯಿ?" ಇಲ್ಲಮ್ಮ ಎಂದು ಮಾತು ಕೊಟ್ಟಿದ್ದೆ.

ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಕೇತ ಇವಿಷ್ಟರಿಂದಲೇ ಅಮೆರಿಕದ ನೂರಕ್ಕೆ 87 ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದೆಂದು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿದ್ದರು. ಇದನ್ನು ಪಾಠ ಮಾಡುವವಳು ನಾನೇ. ಒಂದೇ ನಲ್ಲಿಯ ನೀರು ಹಿಡಿಯುವವರಿಗೆ ಹುಟ್ಟಿದ ದಿನಾಂಕವೂ ಬೇಕಾಗುವುದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅಂದಿನಿಂದ ನನ್ನ ನಿಲುವು ಗಟ್ಟಿಯಾಗಿದೆ. ಕಲಿಸಲು ಅಸಲಿ ಉತ್ತರಗಳನ್ನು ತೆರೆಯಬಾರದು. ಕೃತಕ ದತ್ತಾಂಶ, ಅಂದರೆ ಅಸಲಿಯನ್ನು ಹೋಲುವಂತೆ ಕಂಪ್ಯೂಟರಿನಲ್ಲಿ ಹೊಸದಾಗಿ ಹುಟ್ಟಿಸಿದ ಉತ್ತರಗಳು, ಸಾಕು. ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1993ರಲ್ಲೇ ಈ ದಾರಿ ಸೂಚಿಸಿದ್ದರು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥವುಗಳನ್ನು ಹಲವು ದೇಶಗಳಲ್ಲಿ ನಡೆಸುತ್ತ ಬಂದ ಡಿಎಚ್ಎಸ್ (ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ) ಕಾರ್ಯಕ್ರಮ ಅಭ್ಯಾಸಕ್ಕೆಂದೇ ಮಾದರಿ ಕಡತಗಳನ್ನು ಕೊಟ್ಟಿದೆ. ಅವು ಯಾವ ದೇಶದವೂ ಅಲ್ಲ. ವಿಶ್ವ ಬ್ಯಾಂಕ್ 2023ರಲ್ಲಿ ಒಂದು ಕಾಲ್ಪನಿಕ ದೇಶವನ್ನೇ ಕಟ್ಟಿ, ಅದರ 8,000 ಕುಟುಂಬಗಳ ಮಾದರಿಯನ್ನು ತರಬೇತಿಗೆ ಬಿಟ್ಟಿತು.

ನಾನು ಬಳಸುವುದು ಸಿಂತ್‌ಪಾಪ್, ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಸಾಧನ. ಅದು ಅಂಕಣಗಳನ್ನು ಒಂದರ ಹಿಂದೆ ಒಂದರಂತೆ ಹೊಸದಾಗಿ ತುಂಬುತ್ತದೆ: ಮೊದಲು ವಯಸ್ಸು, ವಯಸ್ಸನ್ನು ನೋಡಿ ಓದು, ಇವೆರಡನ್ನೂ ನೋಡಿ ಕೂಲಿ, ಆಮೇಲೆ ಸಾಲ. ಹೀಗೆ ಹುಟ್ಟಿದ ಹಾಳೆಯಲ್ಲಿ ಕೂಲಿಗೂ ಸಾಲಕ್ಕೂ ಇದ್ದ ನಂಟು ಬಹುಮಟ್ಟಿಗೆ ಉಳಿಯುತ್ತದೆ, ಆದರೆ ಯಾವ ಸಾಲೂ ಯಾರ ಮನೆಯದೂ ಆಗಿರಬೇಕಿಲ್ಲ. "ಆಗಿರಬೇಕಿಲ್ಲ" ಎಂದೇ ಬರೆಯುತ್ತೇನೆ. ಅಪರೂಪದ ಸಾಲು ಇದ್ದಂತೆಯೇ ನುಸುಳಿ ಬರುವುದುಂಟು, ಚಿಕ್ಕ ಸಮೀಕ್ಷೆಯಲ್ಲಂತೂ ಹೆಚ್ಚು. ಅಂಥವನ್ನು ಹುಡುಕಿ ತೆಗೆಯುವ ಸೌಲಭ್ಯ ಅದರಲ್ಲೇ ಇದೆ. ಅದಾದ ಮೇಲೂ ಒಂದೊಂದು ಸಾಲನ್ನು ಕಣ್ಣಿನಿಂದ ನೋಡುತ್ತೇನೆ. ಕ್ಷಯದ ಅಂಕಣವನ್ನು ಪೂರ್ತಿ ಕೈಬಿಟ್ಟಿದ್ದೇನೆ.

"ಸುಳ್ಳು ಅಂಕಿಗಳಿಂದ ಮಕ್ಕಳು ಏನು ಕಲಿಯುತ್ತಾರೆ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಕೋಷ್ಟಕ ಹಾಕುವುದು, ಬಿಟ್ಟುಹೋದ ಉತ್ತರಗಳನ್ನು ನಿಭಾಯಿಸುವುದು, ತಪ್ಪು ನಮೂದು ಹಿಡಿಯುವುದು ಎಲ್ಲವನ್ನೂ ಕಲಿಯುತ್ತಾರೆ. ತಪ್ಪುಗಳನ್ನು ನಾನೇ ಬೇಕೆಂದು ಸೇರಿಸುತ್ತೇನೆ: ಒಂಬತ್ತು ವರ್ಷದ ಮನೆಯೊಡೆಯ, ತಿಂಗಳ ಕೂಲಿಯ ಜಾಗದಲ್ಲಿ ವರ್ಷದ ಕೂಲಿ. ಆದರೆ ಅವರ ಪ್ರಶ್ನೆಯಲ್ಲಿ ಹುರುಳಿದೆ. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಈ ಹಾಳೆಯಿಂದಲೇ "ದಾವಣಗೆರೆಯ ಭಟ್ಟಿ ಕಾರ್ಮಿಕರ ಸ್ಥಿತಿ" ಎಂದು ವರದಿ ಬರೆಯಲು ಹೊರಟಿದ್ದಳು. ತಡೆದೆ. ಕಾರ್ಮಿಕರ ಕೂಲಿಯ ಬಗ್ಗೆ ಊರಿಗೆ ಏನಾದರೂ ಹೇಳಬೇಕಾದರೆ ಅಸಲಿ ಸಮೀಕ್ಷೆಯೇ ಬೇಕು, ಅದೂ ಬೀಗ ಹಾಕಿದ ಕೋಣೆಯ ಒಂದೇ ಕಂಪ್ಯೂಟರಿನಲ್ಲಿ. ಈಗ ಪ್ರತಿ ಕಡತದ ಹೆಸರಿನಲ್ಲೇ "ಕಲಿಕೆಗೆ ಮಾತ್ರ" ಎಂದಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭಟ್ಟಿಯ ಹೊಗೆಯಲ್ಲಿ ನಿಂತು ನಮ್ಮ ಪ್ರಶ್ನೆಗಳಿಗೆ ಉತ್ತರಿಸಿದ ಹೆಂಗಸಿಗೂ ಆ ಹಕ್ಕು ಅಷ್ಟೇ ಇದೆ.

ಹಳೆಯ ಹಾಳೆಯನ್ನು ಆಗ ತರಗತಿಯ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದ್ದೆ. ಒಬ್ಬೊಬ್ಬರಿಗೂ ಕರೆ ಮಾಡಿ ಅಳಿಸಲು ಕೇಳಿಕೊಂಡೆ. ನಾಲ್ವರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾರೆ, ಅವರಲ್ಲಿ ಇಬ್ಬರ ನಂಬರ್ ಬದಲಾಗಿದೆ. ಈ ಬರಹ ಅವರ ಕಣ್ಣಿಗೆ ಬಿದ್ದರೆ, ದಯವಿಟ್ಟು ಆ ಕಡತವನ್ನು ಅಳಿಸಿ ನನಗೊಂದು ಸಂದೇಶ ಕಳುಹಿಸಿ.