ರೋಗಕ್ಕೆ ಐವತ್ತು ವರ್ಷ, ಅನುದಾನಕ್ಕೆ ಐದು

ತಪ್ಪಾಗಿ ಮಡಚಿಕೊಂಡು ಮಿದುಳನ್ನು ಹಾಳುಮಾಡುವ ಪ್ರಿಯಾನ್ ಎಂಬ ಪ್ರೋಟೀನಿನದು ಒಂದೇ ದೊಡ್ಡ ಅಪರಾಧ: ಅದು ಹಣಕಾಸು ವರ್ಷಕ್ಕೆ ಬೆಲೆ ಕೊಡುವುದಿಲ್ಲ. ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಸತ್ತ ಬಂಧುಗಳನ್ನು ತಿನ್ನುವ ಪದ್ಧತಿಯಿಂದ ಕುರು ಎಂಬ ಪ್ರಿಯಾನ್ ರೋಗ ಹರಡಿತ್ತು. ಪದ್ಧತಿ ನಿಂತೇ ಹೋಯಿತು. ಆದರೂ ರೋಗ ಕೆಲವರ ಮೈಯೊಳಗೆ ಐವತ್ತು ವರ್ಷ ತೆಪ್ಪಗೆ ಕೂತಿದ್ದು, ಆಮೇಲೆ ಎದ್ದು ಬಂತು. ಸಂಶೋಧನೆಗೆ ಹಣ ಸಿಗುವುದು ಮೂರು ವರ್ಷಕ್ಕೆ, ಮೇಲಿನವರ ಕೃಪೆಯಿದ್ದರೆ ಐದಕ್ಕೆ. ಇಷ್ಟು ಅಶಿಸ್ತಿನ ರೋಗದ ಜೊತೆ ಯಾವ ಸಮಿತಿ ತಾನೇ ಏಗೀತು?

ಹಾಗಂತ ಸಮಿತಿಗಳು ಕಮ್ಮಿಯಾಗಿರಲಿಲ್ಲ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು; ಅದೂ ಪ್ರಿಯಾನಿನದೇ ಕೆಲಸ. 1988ರಲ್ಲಿ ಸರ್ಕಾರ ನಾಲ್ವರು ಘನ ವಿದ್ವಾಂಸರ ಸಮಿತಿ ಮಾಡಿತು. ನಾಲ್ವರಲ್ಲಿ ಒಬ್ಬರೂ ಈ ಜಾತಿಯ ರೋಗದ ಪರಿಣತರಲ್ಲ. ಪೂರ್ವಗ್ರಹವಿಲ್ಲದ ತೀರ್ಪಿಗೆ ಇದಕ್ಕಿಂತ ಖಾತರಿ ಬೇಕೆ? ಮನುಷ್ಯರಿಗೆ ತೊಂದರೆಯಾಗುವುದು ತೀರಾ ಅಸಂಭವ ಎಂದು 1989ರಲ್ಲಿ ಅವರು ವರದಿ ಕೊಟ್ಟರು. ಯಾವ ಸಂಶೋಧನೆ ಆಗಬೇಕೆಂದು ಹೇಳಲು ಇನ್ನೊಂದು ಸಮಿತಿ ಬಂತು. ಅದು ಜೂನ್‌ನಲ್ಲಿ ಕೊಟ್ಟ ವರದಿ ಬೆಳಕು ಕಂಡದ್ದು ಮರುವರ್ಷದ ಜನವರಿಯಲ್ಲಿ. ಆ ಮೇ ತಿಂಗಳಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಟಿವಿ ಕ್ಯಾಮೆರಾಗಳೆದುರು ತಮ್ಮ ಪುಟ್ಟ ಮಗಳ ಬಾಯಿಗೆ ಬೀಫ್ ಬರ್ಗರ್ ಹಿಡಿದರು. ಇಡೀ ಪ್ರಕರಣದಲ್ಲಿ ಅತಿ ಅಗ್ಗದಲ್ಲಿ ಮುಗಿದ ಪ್ರಯೋಗ ಅದೇ ಇರಬೇಕು.

1996ರ ಮಾರ್ಚ್ 20ರಂದು ಆರೋಗ್ಯ ಸಚಿವರು ಸಂಸತ್ತಿನಲ್ಲಿ ಎದ್ದು ನಿಂತು, ಹತ್ತು ಮಂದಿಗೆ ಬಂದ ಹೊಸ ಮಿದುಳು ರೋಗಕ್ಕೆ ಹಸುವಿನ ನಂಟಿರಬಹುದು ಎಂದರು. ಆಗ ತಿಜೋರಿ ತೆರೆಯಿತು. ಭಯ ಹುಟ್ಟಿದಲ್ಲಿ ಬಜೆಟ್ಟೂ ಹುಟ್ಟುತ್ತದೆ.

ದುಡ್ಡು ಬಂದ ಮೇಲೆ ಏನಾಯಿತೆಂಬುದಕ್ಕೆ ಕುರಿಗಳ ಕಥೆ ಕೇಳಿ. ದನದ ರೋಗ ಕುರಿಗಳಿಗೂ ದಾಟಿದೆಯೇ? 1990ರ ದಶಕದ ಆರಂಭದಲ್ಲಿ ಕೂಡಿಟ್ಟ ಕುರಿ ಮಿದುಳುಗಳ ಮೇಲೆ ಎಡಿನ್‌ಬರೋದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. ದಾಟಿರಬಹುದು ಎಂಬ ಸುಳಿವು ಸಿಕ್ಕಿತು. ದೇಶದ ಅಷ್ಟೂ ಕುರಿಗಳನ್ನು ಕೊಲ್ಲಬೇಕಾಗಿ ಬಂದರೆ ಹೇಗೆಂದು ಅಧಿಕಾರಿಗಳು ಯೋಜನೆಯನ್ನೂ ಬರೆದಿಟ್ಟರು. 2001ರ ಅಕ್ಟೋಬರ್‌ನಲ್ಲಿ ಯಾರೋ ಪುಣ್ಯಾತ್ಮರು ಆ ಮಿದುಳುಗಳ ಡಿಎನ್ಎ ನೋಡಿಸಿದರು. ಡಬ್ಬಿಯಲ್ಲಿದ್ದದ್ದು ಹಸುವಿನ ಮಿದುಳು! ಹಸುವಿಗೆ ಹಸುವಿನ ರೋಗ ಬರುತ್ತದೆ ಎಂಬುದು ವೈಜ್ಞಾನಿಕವಾಗಿ ಇತ್ಯರ್ಥವಾಯಿತು. ಇಲಾಖೆ ಈ ಶುಭ ಸಮಾಚಾರವನ್ನು ರಾತ್ರಿ ಜನ ಮಲಗುವ ಹೊತ್ತಿಗೆ ತನ್ನ ಜಾಲತಾಣದಲ್ಲಿ ಹಾಕಿತು. ಒಂದು ಪ್ರಯೋಗಾಲಯದ ಡಬ್ಬಿಯ ಚೀಟಿಯೇ ಹೀಗಿರುವಾಗ, ಇಪ್ಪತ್ತು ದೇಶಗಳನ್ನು ಒಂದು ದಾರಕ್ಕೆ ಪೋಣಿಸುವವರ ಧೈರ್ಯವನ್ನು ಮೆಚ್ಚಬೇಕು.

ಪೋಣಿಸಿದರು ಕೂಡ. 2004ರಲ್ಲಿ ಯುರೋಪಿಯನ್ ಒಕ್ಕೂಟ ‘ನ್ಯೂರೋಪ್ರಿಯಾನ್’ ಎಂಬ, ಪ್ರಿಯಾನ್ ಸಂಶೋಧನಾ ಸಂಸ್ಥೆಗಳ ‘ಶ್ರೇಷ್ಠತಾ ಜಾಲ’ ಕಟ್ಟಿತು: 20 ದೇಶ, 52 ಸಂಸ್ಥೆ, 1.44 ಕೋಟಿ ಯೂರೋ, ಐದು ವರ್ಷ. ಸಮನಾಗಿ ಹಂಚಿದರೆ ಒಂದು ಸಂಸ್ಥೆಗೆ ವರ್ಷಕ್ಕೆ ಸುಮಾರು 55 ಸಾವಿರ. ಸಮನ್ವಯ ಸಭೆಗಳಿಗೆ ಹೋಗಿ ಬರಲು ಖಂಡಿತ ಸಾಲುತ್ತದೆ. ಬ್ರಿಟನ್ನಿನಲ್ಲಿ ಹಸುವಿನ ನಂಟಿನ ಆ ಮಿದುಳು ರೋಗದಿಂದ ಅತಿ ಹೆಚ್ಚು ಮಂದಿ ಸತ್ತದ್ದು 2000ದಲ್ಲಿ. ಜಾಲ ಹರಡಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಕೆನಡಾ ಇನ್ನೂ ಚುರುಕು: 2003ರಲ್ಲಿ ರೋಗದ ಒಂದು ಹಸು ಸಿಕ್ಕಿತು, ಗೋಮಾಂಸ ರಫ್ತು ನಿಂತಿತು, 2005ರಲ್ಲಿ ‘ಪ್ರಿಯೋನೆಟ್’ ಎಂಬ ಅಂಥದೇ ಜಾಲ ಹುಟ್ಟಿತು, 2012ರಲ್ಲಿ ಅದರ ಹಣ ನಿಂತಿತು. (ವಿಜ್ಞಾನಿಗಳ ಒಳ್ಳೆಯ ಕೆಲಸವೂ ಇದರಲ್ಲೇ ನಡೆದಿದೆ. ಅದಕ್ಕೇ ಹೊಟ್ಟೆಯುರಿಯುವುದು.)

ಸರ್ಕಾರದ ದುಡ್ಡೇ ಬೇಡ ಎಂದವರ ಗತಿ? ಅಮೆರಿಕದಲ್ಲಿ ಕ್ರೀಕ್‌ಸ್ಟೋನ್ ಎಂಬ ಮಾಂಸ ಕಂಪನಿ 2004ರಲ್ಲಿ, ತಾನು ಕಡಿಯುವ ಪ್ರತಿ ದನವನ್ನೂ ಸ್ವಂತ ಖರ್ಚಿನಲ್ಲಿ ಪರೀಕ್ಷಿಸುತ್ತೇನೆ ಎಂದಿತು. ಕೃಷಿ ಇಲಾಖೆ ಕೂಡದು ಎಂದಿತು. ಪ್ರಕರಣ ಕೋರ್ಟು ಹತ್ತಿ, 2008ರಲ್ಲಿ ಮೇಲ್ಮನವಿಯಲ್ಲಿ ಇಲಾಖೆಯೇ ಗೆದ್ದಿತು. ಹುಡುಕದಿದ್ದರೆ ಸಿಗುವುದಿಲ್ಲ. ಸಿಗದಿದ್ದರೆ ರೋಗವಿಲ್ಲ. ರೋಗವಿಲ್ಲದ ಮೇಲೆ ಅನುದಾನ ಯಾಕೆ?

ಈ ಲೆಕ್ಕಾಚಾರಕ್ಕೆ ಅಡ್ಡಬಂದದ್ದು ಅಪೆಂಡಿಕ್ಸ್. ಬ್ರಿಟನ್ನಿನಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 32,441 ಅಪೆಂಡಿಕ್ಸ್‌ಗಳನ್ನು ನೋಡಿದಾಗ 16ರಲ್ಲಿ ಕೆಟ್ಟ ಪ್ರಿಯಾನ್ ಸಿಕ್ಕಿತೆಂದು 2013ರಲ್ಲಿ ವರದಿಯಾಯಿತು. ಅಂದರೆ ಸುಮಾರು ಎರಡು ಸಾವಿರಕ್ಕೊಬ್ಬರು. ಇವರಲ್ಲಿ ಎಷ್ಟು ಮಂದಿಗೆ ರೋಗ ಬಂದೀತೋ, ಒಬ್ಬರಿಗೂ ಬಾರದೆಯೇ ಹೋದೀತೋ, ಕಾದು ನೋಡಬೇಕು. ಕಾಯುವುದಕ್ಕೆ ಮಾತ್ರ ಯಾವ ಬಜೆಟ್ಟಿನಲ್ಲೂ ಶೀರ್ಷಿಕೆ ಇಲ್ಲ.

ಈಗ ಜಿಂಕೆಗಳ ಸರದಿ. 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೊದಲು ಕಂಡ ಜಿಂಕೆಗಳ ಸವೆತ ರೋಗ (ಇದೂ ಪ್ರಿಯಾನಿನದೇ) 2016ರಲ್ಲಿ ನಾರ್ವೆಯ ಹಿಮಸಾರಂಗಗಳಲ್ಲೂ ಕಾಣಿಸಿಕೊಂಡಿತು. ಮನುಷ್ಯರಿಗೆ ದಾಟೀತೆ ಎಂದು ತಿಳಿಯಲು ಅಮೆರಿಕದ ಒಂದು ತಂಡ ಮಂಗಗಳಿಗೆ ಸೋಂಕು ಚುಚ್ಚಿ ಹನ್ನೊಂದರಿಂದ ಹದಿಮೂರು ವರ್ಷ ಕಾಯಿತು, ಏನೂ ಆಗಲಿಲ್ಲ ಎಂದಿತು. ಇನ್ನೊಂದು ತಂಡದ ಪ್ರಾಥಮಿಕ ಫಲಿತಾಂಶ ಬೇರೆಯೇ ಹೇಳಿತು. ಹಾಗಾದರೆ ಇನ್ನೊಮ್ಮೆ ನೋಡೋಣವೆಂದು ಯಾರಾದರೂ ಅರ್ಜಿ ಹಾಕುವುದಾದರೆ ಒಂದು ಸಲಹೆ: 36ನೇ ತಿಂಗಳಿಗೆ ಅಂತಿಮ ಫಲಿತಾಂಶ ಕೊಡುವುದಾಗಿ ಮಂಗಗಳಿಂದ ಮುಚ್ಚಳಿಕೆ ಬರೆಸಿಕೊಂಡು ಲಗತ್ತಿಸಿ.