ಹಾಲಿಲ್ಲದ ಕ್ಯಾರಮೆಲ್ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ

ಕರ್ನಾಟಕ ಬಿಟ್ಟು ಬಂದ ಮೇಲೆ ನನಗೆ ಬಹಳ ಸಲ ಎದುರಾದ ಮಾತು ಇದು: "ಹಾಲು, ಬೆಣ್ಣೆ ಇಲ್ಲದಿದ್ದರೆ ಅದು ಕ್ಯಾರಮೆಲ್ಲೇ ಅಲ್ಲ." ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಪಾಕ ಅಂದರೆ ಸಕ್ಕರೆ, ಸ್ವಲ್ಪ ನೀರು, ಬೆಂಕಿ, ಅಷ್ಟೇ. ಆ ಮಾತಿನಲ್ಲಿ ಹಾಲಿನ ಸುಳಿವೇ ಇಲ್ಲ. ಕ್ಯಾರಮೆಲ್ ಕೂಡ ಮೊದಲು ಕಂದಾಗಿ ಕಾಯಿಸಿದ ಸಕ್ಕರೆಯೇ, ಕ್ರೀಮು ಬೆಣ್ಣೆ ಆಮೇಲೆ ಸೇರಿದ್ದು.

ಆದರೆ ಹಾಲಿನ ಪರವಾಗಿ ಮಾತಾಡುವವರದ್ದು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ನನ್ನ ಜೊತೆ ಕೆಲಸ ಮಾಡುವವರ ಮಗಳಿಗೆ ಹಾಲಿನ ಅಲರ್ಜಿ. ಅವಳಿಗೋಸ್ಕರ ಮೊದಲ ಸಲ ಮಾಡಿದಾಗ ಕ್ರೀಮಿನ ಜಾಗಕ್ಕೆ ಅಷ್ಟೇ ಅಳತೆಯ ತೆಂಗಿನ ಹಾಲು ಸುರಿದೆ, ಉಳಿದದ್ದೆಲ್ಲ ಹಾಗೇ ಇಟ್ಟೆ. ಬಣ್ಣ ಬರಲಿಲ್ಲ, ರುಚಿ ಬರೀ ಸಿಹಿ, ಮೇಲೆ ಎಣ್ಣೆ ತೇಲುತ್ತಿತ್ತು. ಹಾಲು ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ಅವತ್ತಿನವರೆಗೂ ನಾನು ಯೋಚಿಸಿಯೇ ಇರಲಿಲ್ಲ.

ಸಕ್ಕರೆ ತಾನಾಗಿಯೇ ಕಂದಾಗಬೇಕಾದರೆ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಬೇಕು. ಕ್ರೀಮು ಹಾಕಿ ಕುದಿಸುವ ಮೆತ್ತನೆಯ ಕ್ಯಾರಮೆಲ್ಲನ್ನು ಇಳಿಸುವುದು 118ರ ಸುಮಾರಿಗೆ, ಅಂದರೆ ನೀರಿಗೆ ಒಂದು ಹನಿ ಬಿಟ್ಟರೆ ಉಂಡೆ ಕಟ್ಟುವ ಪಾಕಕ್ಕೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸಿದರೆ ಸಕ್ಕರೆ ಕಂದಾಗುವ ಬಿಸಿಯೇ ಅಲ್ಲಿ ಬರುವುದಿಲ್ಲ. ಹಾಗಾದರೆ ಆ ಬಣ್ಣ, ಆ ಘಮ ಎಲ್ಲಿಂದ? ಹಾಲಿನ ಪ್ರೋಟೀನು ಮತ್ತು ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿ ಆಗುವ ಕ್ರಿಯೆಯಿಂದ. ಇದನ್ನು 1912ರಲ್ಲಿ ವಿವರಿಸಿದ್ದು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್, ಈಗಲೂ ಅವರ ಹೆಸರಲ್ಲೇ ಕರೆಯುತ್ತಾರೆ. ತೆಂಗಿನ ಹಾಲಿನಲ್ಲಿ ಕೊಬ್ಬು ಧಾರಾಳ, ಪ್ರೋಟೀನು ಕಡಿಮೆ, ಲ್ಯಾಕ್ಟೋಸ್ ಇಲ್ಲವೇ ಇಲ್ಲ. ಕ್ರೀಮಿನ ಹಾಗೆಯೇ ಕುದಿಸಿದರೆ ಸಪ್ಪೆಯಾಗದೆ ಇನ್ನೇನಾಗುತ್ತೆ?

ಅದಕ್ಕೇ ನಾನು ದಾರಿ ಬದಲಿಸಿದೆ. ಹಾಲು ಮಾಡುವ ಕೆಲಸವನ್ನು ಸಕ್ಕರೆಯ ಕೈಲೇ ಮಾಡಿಸಬೇಕು. 200 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ನೀರು ಹಾಕದೆ ಕರಗಿಸಿ, ಕಡು ಜೇನಿನ ಬಣ್ಣಕ್ಕೆ ಬರುವವರೆಗೆ ಬಿಡಿ. ಹೆದರಿ ಬೇಗ ಇಳಿಸಬೇಡಿ, ಸಣ್ಣಗೆ ಕಹಿ ಬರಬೇಕು, ಆ ಕಹಿಯೇ ಇಲ್ಲಿ ರುಚಿ. ಆಮೇಲೆ ಉರಿ ಆರಿಸಿ, ಬಿಸಿ ಮಾಡಿಟ್ಟ 200 ಮಿಲಿ ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ತಣ್ಣಗಿನದು ಹಾಕಿದರೆ ಪಾಕ ಅಲ್ಲೇ ಕಲ್ಲಾಗುತ್ತದೆ, ಬಿಸಿಯದಾದರೂ ಜೋರಾಗಿ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ, ಕೈ ದೂರ ಇರಲಿ. ಉಪ್ಪು ಹಾಕಿ ಮತ್ತೆ ಎರಡು ಮೂರು ನಿಮಿಷ ಕುದಿಸಿ. ಎಣ್ಣೆ, ನೀರು ಬೇರೆಯಾಗದಂತೆ ಹಿಡಿಯುವ ಲೆಸಿಥಿನ್ ಚಿಟಿಕೆ ಸೇರಿಸಿದರೆ ಎಣ್ಣೆ ಬಿಡುವುದು ಕಡಿಮೆಯಾಗುತ್ತದೆ, ಒಂದು ಚಮಚ ಗ್ಲೂಕೋಸ್ ಸಿರಪ್ ಇದ್ದರೆ ಹರಳು ಕಟ್ಟುವುದಿಲ್ಲ.

ಸೋಯಾ ಹಾಲಿನ ದಾರಿಯೂ ಇದೆ. ಅದರಲ್ಲಿ ಪ್ರೋಟೀನು ಇರುವುದರಿಂದ ಗ್ಲೂಕೋಸ್ ಸಿರಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ನಿಧಾನಕ್ಕೆ ಬತ್ತಿಸಿದರೆ ಕಂದಾಗುತ್ತದೆ. ಹಸುವಿನ ಹಾಲಿನ ಕ್ಯಾರಮೆಲ್‌ಗೆ ಇದು ಜಾಸ್ತಿ ಹತ್ತಿರ. ಆದರೂ ನನಗೆ ತೆಂಗಿನದೇ ಇಷ್ಟ. ಯಾಕೆ ಇನ್ನೊಂದರ ಹಾಗೆಯೇ ಇರಬೇಕು, ಅಲ್ವಾ?

ಒಂದು ಕೊರತೆ ನಿಜ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗೇ ಕರಗುತ್ತದೆ, ಬೆಣ್ಣೆ 32 ದಾಟುವವರೆಗೆ ತಡೆಯುತ್ತದೆ. ಹಾಗಾಗಿ ಕತ್ತರಿಸಿ ಕಾಗದ ಸುತ್ತುವಂಥ ತುಂಡುಗಳು ಬಿಸಿಲಿಗೆ ಜಿಡ್ಡಾಗುತ್ತವೆ. ಗಟ್ಟಿಯಾಗಲಿ ಅಂತ ಕೋಕೋ ಬೆಣ್ಣೆ ಸೇರಿಸುವವರೂ ಇದ್ದಾರೆ. ಹೆಸರಲ್ಲಿ ಬೆಣ್ಣೆ ಇದ್ದರೂ ಅದು ಕೋಕೋ ಬೀಜದ ಕೊಬ್ಬು, ಹಾಲಿನದಲ್ಲ.

ನನಗೆ ಬೇಜಾರಾಗುವುದು ರುಚಿಯ ಜಗಳದಿಂದಲ್ಲ, ಹೆಸರುಗಳ ಗೊಂದಲದಿಂದ. ಆ ಮಗುವಿಗೆ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ "ಲ್ಯಾಕ್ಟೋಸ್ ಇಲ್ಲದ್ದು" ಅಂತ ಒಂದು ಕ್ಯಾರಮೆಲ್ ಕೊಡಲು ಬಂದಿದ್ದರು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನು ಹಾಗೇ ಇರುತ್ತದೆ, ಅಲರ್ಜಿ ಆಗುವುದು ಆ ಪ್ರೋಟೀನಿಗೆ. ಲ್ಯಾಕ್ಟೋಸ್ ಅರಗದಿದ್ದರೆ ಹೊಟ್ಟೆ ಕೆಡುತ್ತದೆ, ಅಲರ್ಜಿಯಾದರೆ ಉಸಿರೇ ಕಟ್ಟಬಹುದು. "ನಾನ್ ಡೈರಿ" ಅಂತ ಬರೆದ ಕೆಲವು ಕ್ರೀಮರ್ ಪುಡಿಗಳಲ್ಲೂ ಹಾಲಿನಿಂದ ತೆಗೆದ ಕೇಸಿನೇಟ್ ಎಂಬ ಪ್ರೋಟೀನು ಇರುತ್ತದೆ. ಮುಂದಿನ ಅಕ್ಷರ ದೊಡ್ಡದು, ಹಿಂದಿನದು ಸಣ್ಣದು. ಈಗ ನಾನು ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಪೂರ್ತಿ ಓದದೆ ಅವಳ ಕೈಗೆ ಏನನ್ನೂ ಕೊಡುವುದಿಲ್ಲ, ಮಾಡುವಾಗ ಹಾಲು ಮುಟ್ಟದ ಪಾತ್ರೆ, ಸೌಟನ್ನೇ ಬೇರೆ ಇಟ್ಟಿದ್ದೇನೆ.